ಗಂಡ ದುಬೈಯಲ್ಲಿ, ಹೆಂಡತಿ ಕುಂಬಳೆಯಲ್ಲಿ: ಒಂದು ತಿಂಗಳ ಭೇಟಿಗೆ ಹೊರಡುವ ಮುನ್ನ

ಕಾಸರಗೋಡಿನ ನಮ್ಮ ಕಡೆ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಸಿಗುವುದು ಅಪರೂಪ. ಗಂಡ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ರಜೆಯಲ್ಲಿ ಬರುವುದು, ಉಳಿದ ದಿನಗಳಲ್ಲಿ ರಾತ್ರಿ ಊಟದ ಮೇಲೆ ಫೋನಿನಲ್ಲಿ ಮುಖ ನೋಡುವುದು, ಇಷ್ಟರಲ್ಲೇ ಸಂಸಾರ ಸಾಗುತ್ತಿರುತ್ತದೆ. ಆದರೆ ರಜೆ ಸಿಗದವರು ಗಂಡಸರೇ ಆದಾಗ ಹೆಂಡತಿಯೇ ಒಂದು ತಿಂಗಳು ಅತ್ತ ಹೋಗಿಬರುವುದು ಈಗ ಸಾಮಾನ್ಯವಾಗಿದೆ. ಹಾಗೆ ಮೊದಲ ಸಲ ಹೊರಡುವವರಿಗಾಗಿ, ನಾನು ಎರಡು ಬಾರಿ ಹೋಗಿಬಂದ ಅನುಭವದ ಮೇಲೆ, ಈ ಕ್ರಮವನ್ನು ಬರೆದಿದ್ದೇನೆ. ಇಲ್ಲಿ ಹೇಳಿರುವುದು ದುಬೈ, ಶಾರ್ಜಾ, ಅಬುಧಾಬಿಗಳು ಸೇರಿದ ಯುಎಇಗೆ ಮಾತ್ರ ಅನ್ವಯಿಸುತ್ತದೆ. ಸೌದಿ, ಕುವೈತ್, ಖತಾರ್‌ಗಳ ವೀಸಾ ಪದ್ಧತಿ ಬೇರೆಯೇ ಆಗಿದೆ. ಹೋಗುವವಳು ಹೆಂಡತಿ ಎಂದೇ ಬರೆದಿದ್ದೇನಾದರೂ, ಅಲ್ಲಿ ನರ್ಸ್ ಆಗಿರುವ ಹೆಂಡತಿಯನ್ನು ನೋಡಲು ಬದಿಯಡ್ಕದಿಂದ ಹೊರಡುವ ಗಂಡಂದಿರೂ ಇದ್ದಾರೆ. ಅವರಿಗೂ ಕ್ರಮ ಇದೇ.

ಮೊದಲ ಕೆಲಸ: ಹೆಸರು

ಟಿಕೆಟಿನ ದರ ನೋಡುವುದಕ್ಕಿಂತ ಮೊದಲು ಮನೆಯ ಕಪಾಟಿನಲ್ಲಿರುವ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಪ್ರತಿಯೊಂದರಲ್ಲೂ ನಿಮ್ಮ ಹೆಸರು ಇಂಗ್ಲಿಷಿನಲ್ಲಿ ಹೇಗಿದೆ ಎಂದು ಅಕ್ಷರ ಅಕ್ಷರವಾಗಿ ಓದಿ ನೋಡಬೇಕು. ಗಡಿನಾಡಿನ ನಮಗೆ ಇದು ಉಳಿದವರಿಗಿಂತ ಹೆಚ್ಚಿನ ತೊಡಕು. ಹೆಸರನ್ನು ನಾವು ಕನ್ನಡದಲ್ಲಿ ಹೇಳುತ್ತೇವೆ, ಕಚೇರಿಯಲ್ಲಿ ಕುಳಿತವರು ಮಲಯಾಳದಲ್ಲಿ ಕೇಳಿಸಿಕೊಳ್ಳುತ್ತಾರೆ, ಬರೆಯುವುದು ಇಂಗ್ಲಿಷಿನಲ್ಲಿ. ನನ್ನ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಕೊನೆಯ ‘ತಾ’ಕ್ಕೆ ಟಿ-ಎಚ್-ಎ ಎಂದಿತ್ತು, ಆಧಾರಿನಲ್ಲಿ ಎಚ್ ಮಾಯವಾಗಿತ್ತು, ವಿವಾಹ ಪ್ರಮಾಣಪತ್ರದಲ್ಲಿ ಎಚ್ ಮರಳಿ ಬಂದಿದ್ದರೂ ತಂದೆಯವರ ‘ಭಟ್’ಗೆ ಒಂದು ಟಿ ಹೆಚ್ಚಾಗಿತ್ತು. ಊರಿನಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಪಾಸ್‌ಪೋರ್ಟಿನ ಅರ್ಜಿ ಹಾಕಲು ಹೋದ ದಿನ ಮಾತ್ರ ಕೌಂಟರಿನಲ್ಲಿದ್ದವರು ಮೂರೂ ಕಾಗದಗಳನ್ನು ಸಾಲಾಗಿ ಇಟ್ಟು, ಪೆನ್ಸಿಲಿನಿಂದ ಆ ಒಂದೊಂದು ಅಕ್ಷರದ ಕೆಳಗೂ ಗೆರೆ ಎಳೆದು, ಏನೂ ಹೇಳದೆ ಹಿಂದಕ್ಕೆ ತಳ್ಳಿದರು. ಆಧಾರ್ ಸರಿಪಡಿಸಿ ಮತ್ತೆ ದಿನ ಗೊತ್ತುಮಾಡಿಕೊಂಡು ಹೋಗುವಷ್ಟರಲ್ಲಿ ನಾವು ನೋಡಿಟ್ಟಿದ್ದ ಟಿಕೆಟಿನ ದರ ಏರಿತ್ತು.

ಆದ್ದರಿಂದ ಜನ್ಮದಿನಾಂಕಕ್ಕೂ ಹೆಸರಿಗೂ ಮೂಲವೆಂದು ಒಂದು ದಾಖಲೆಯನ್ನು (ಸಾಮಾನ್ಯವಾಗಿ ಎಸ್‌ಎಸ್‌ಎಲ್‌ಸಿ ಪುಸ್ತಕವನ್ನು) ಹಿಡಿದುಕೊಂಡು, ಉಳಿದವನ್ನು ಅದಕ್ಕೆ ಸರಿಹೊಂದಿಸುವುದು ಉತ್ತಮ. ಆಧಾರಿನ ತಿದ್ದುಪಡಿಗೆ ಕೇರಳ ಸರಕಾರದ ಇ-ಸೇವಾ ಕೇಂದ್ರಗಳಾದ ಅಕ್ಷಯ ಕೇಂದ್ರಗಳೇ ಸಾಕು.

ಹೆಸರಿನ ವಿಷಯದಲ್ಲೇ ಇನ್ನೊಂದು ಮಾತಿದೆ. ಕೇರಳದ ಶಾಲಾ ದಾಖಲೆಗಳಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇರುವುದು ರೂಢಿ. ಹೀಗಾಗಿ ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ಪದವಾಗಿ, ಸರ್‌ನೇಮ್ ಎಂಬ ಜಾಗ ಖಾಲಿಯಾಗಿ ಉಳಿದವರು ಬಹಳ ಮಂದಿ. 2022ರ ನವೆಂಬರಿನಿಂದ ಯುಎಇಯು ಅಂಥ ಒಂಟಿ ಹೆಸರಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶ ನಿರಾಕರಿಸತೊಡಗಿತು. ಬಳಿಕ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರೋ ಕುಟುಂಬದ ಹೆಸರೋ ಇದ್ದರೆ ಒಪ್ಪಬಹುದೆಂದು ಸಡಿಲಿಸಿತು. ಆದರೂ ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಇನಿಷಿಯಲನ್ನು ಬಿಡಿಸಿ ಬರೆದು ಸರ್‌ನೇಮಿನ ಜಾಗವನ್ನು ತುಂಬಿಸಿಬಿಡುವುದೇ ಜಾಣತನ.

ಪಾಸ್‌ಪೋರ್ಟ್

ಕಾಸರಗೋಡಿನ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಅಲ್ಲಿ ಬೇಗ ದಿನ ಸಿಗದಿದ್ದರೆ ಪಯ್ಯನ್ನೂರಿನ ಕೇಂದ್ರವನ್ನು ನೋಡಬಹುದು. ವಯಸ್ಕರಿಗೆ 36 ಪುಟಗಳ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಅದರ ಮೇಲೆ 2,000 ರೂಪಾಯಿ. ಹತ್ತು ವರ್ಷ ಬಾಳಿಕೆ. ಅರ್ಜಿಯನ್ನು ಎಲ್ಲಿ ಕೊಟ್ಟರೂ ಪೊಲೀಸ್ ಪರಿಶೀಲನೆ ನಡೆಯುವುದು ನೀವು ಬರೆದ ವಿಳಾಸದಲ್ಲಿ. ಪುತ್ತೂರಿನಿಂದಲೋ ವಿಟ್ಲದಿಂದಲೋ ಮದುವೆಯಾಗಿ ಇತ್ತ ಬಂದು ಇನ್ನೂ ವರ್ಷ ತುಂಬದವರು, ಹಿಂದಿನ ವಿಳಾಸವನ್ನೂ ಅರ್ಜಿಯಲ್ಲಿ ಕಾಣಿಸಬೇಕಾಗುವುದರಿಂದ, ತವರಿಗೂ ಒಂದು ಮಾತು ಹೇಳಿಟ್ಟಿರಬೇಕು. ಪೊಲೀಸರು ಅತ್ತ ವಿಚಾರಿಸಿದಾಗ ಮನೆಯವರು ‘ಅವಳೀಗ ಇಲ್ಲಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾದರೆ ಕಡತ ಅಲ್ಲಿಗೇ ನಿಂತುಬಿಡುತ್ತದೆ.

ಗಂಡನ ಹೆಸರನ್ನು ಸೇರಿಸಲು ವಿವಾಹ ಪ್ರಮಾಣಪತ್ರ ಕಡ್ಡಾಯವೇನಲ್ಲ. ಹಳೆಯ ಪಾಸ್‌ಪೋರ್ಟ್ ಇರುವವರು, ಪ್ರಯಾಣದ ದಿನಕ್ಕೆ ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ಉದ್ಯೋಗಕ್ಕಾಗಿ ಹೊರಡುವ ಮುನ್ನ ವಲಸೆ ಅನುಮತಿ ಪಡೆಯಬೇಕು) ಎಂಬ ಮುದ್ರೆ ಇರುತ್ತದೆ. ಉದ್ಯೋಗಕ್ಕೆ ಹೋಗುವ ದುರ್ಬಲರು ಮೋಸ ಹೋಗದಿರಲೆಂದು 1983ರ ವಲಸೆ ಕಾಯಿದೆಯಡಿ ಮಾಡಿದ ಏರ್ಪಾಡು ಅದು. ಯುಎಇ ಸೇರಿ 18 ದೇಶಗಳಿಗೆ ಅನ್ವಯ. ಗಂಡನನ್ನು ನೋಡಲು ಹೋಗುವವರಿಗೆ ಆ ಅನುಮತಿ ಬೇಕಿಲ್ಲವಾದರೂ, ವಲಸೆ ಕೌಂಟರಿನಲ್ಲಿ ಅವರನ್ನು ಎರಡು ಪ್ರಶ್ನೆ ಹೆಚ್ಚು ಕೇಳುವುದುಂಟು. ವೀಸಾ, ಮರಳುವ ಟಿಕೆಟ್ ಮತ್ತು ಮದುವೆಯ ಕಾಗದ ಕೈಯಲ್ಲಿದ್ದರೆ ಹೆದರಬೇಕಾದ್ದಿಲ್ಲ.

ಮಗುವೂ ಜೊತೆಗಿದ್ದರೆ ಅದರ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕಾಗುತ್ತದೆ. ಗಂಡ ರಜೆಯಲ್ಲಿ ಊರಿಗೆ ಬಂದಿರುವಾಗಲೇ ಈ ಕೆಲಸ ಮುಗಿಸಿ. ಆಮೇಲೆ ಅಲ್ಲಿಂದ ಸಹಿ ತರಿಸುವ ಪಾಡು ಬೇಡ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಜನ್ಮದಿನಾಂಕದ ಆಧಾರ. ಸರಕಾರಿ ನೌಕರಿಯಲ್ಲಿರುವವರು ವಿದೇಶ ಪ್ರಯಾಣಕ್ಕೆ ಇಲಾಖೆಯ ಅನುಮತಿಯನ್ನು ಮುಂಚಿತವಾಗಿಯೇ ಕೇಳಿಡಬೇಕು.

ವೀಸಾಕ್ಕಿಂತ ಮೊದಲು ರೂಮು

ಇದನ್ನು ಬಹಳ ಮಂದಿ ಕೊನೆಗೆ ಇಟ್ಟುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದೇ ಮೊದಲು ತೀರ್ಮಾನವಾಗಬೇಕಾದ ಸಂಗತಿ. ನಮ್ಮ ಗಂಡಂದಿರಲ್ಲಿ ಹೆಚ್ಚಿನವರು ಅಲ್ಲಿರುವುದು ಬೆಡ್‌ಸ್ಪೇಸಿನಲ್ಲಿ, ಅಂದರೆ ಒಂದು ಕೋಣೆಯಲ್ಲಿ ನಾಲ್ಕೋ ಆರೋ ಮಂದಿ ಒಂದೊಂದು ಮಂಚವನ್ನು ಬಾಡಿಗೆಗೆ ಹಿಡಿದು ಇರುವ ವ್ಯವಸ್ಥೆಯಲ್ಲಿ. ವೀಡಿಯೊ ಕಾಲಿನಲ್ಲಿ ನಮಗೆ ಕಾಣುವುದು ಅವರ ಮುಖ ಮತ್ತು ಹಿಂದಿನ ಗೋಡೆ ಮಾತ್ರ. ಮಂಚದ ಸುತ್ತ ಎಳೆದ ಪರದೆ, ಅದರಾಚೆ ಮಲಗಿದವರ ಕೆಮ್ಮು ಇವು ಕಾಣುವುದಿಲ್ಲ. ಅಲ್ಲಿಗೆ ಹೆಂಗಸರು ಹೋಗಿ ಇರುವಂತಿಲ್ಲ. ಆದುದರಿಂದ ಒಂದು ತಿಂಗಳಿಗೆ ಫ್ಯಾಮಿಲಿ ಶೇರಿಂಗಿನಲ್ಲಿ (ಬೇರೆ ಕುಟುಂಬದೊಂದಿಗೆ ಮನೆ ಹಂಚಿಕೊಂಡು) ಒಂದು ಕೋಣೆಯನ್ನೋ, ತಿಂಗಳ ಬಾಡಿಗೆಗೆ ಸಿಗುವ ಹೋಟೆಲ್ ಅಪಾರ್ಟ್‌ಮೆಂಟನ್ನೋ ಗಂಡನೇ ಮೊದಲು ಗೊತ್ತುಮಾಡಬೇಕು. ಕರಾಮಾ, ಬರ್ ದುಬೈ, ಶಾರ್ಜಾದ ರೋಲಾಗಳಲ್ಲಿ ಊಟ, ಅಂಗಡಿ, ಭಾಷೆ ಎಲ್ಲವೂ ನಮಗೆ ಹತ್ತಿರ.

ಶೇರಿಂಗಿನ ಕೋಣೆಯಾದರೆ ಮನೆಯ ಮೂಲ ಬಾಡಿಗೆದಾರರ ಬಳಿ ನೋಂದಾಯಿತ ಬಾಡಿಗೆ ಕರಾರು (ದುಬೈಯಲ್ಲಿ ಇದಕ್ಕೆ ಇಜಾರಿ ಎನ್ನುತ್ತಾರೆ) ಇದೆಯೇ, ಜೊತೆಗಿರುವವರ ಹೆಸರನ್ನು ಅದರಲ್ಲಿ ಸೇರಿಸಲು ಅವರು ಒಪ್ಪುತ್ತಾರೆಯೇ ಎಂದು ಕೇಳಬೇಕು. ಬಾಯಿಮಾತಿನ ರೂಮು ಅಗ್ಗವಾದರೂ, ತಪಾಸಣೆ ಬಂದ ದಿನ ಹೆಂಡತಿಯೊಂದಿಗೆ ಹೊರಗೆ ನಿಲ್ಲಬೇಕಾದೀತು. ಇದೇ ವಿಳಾಸ ವಿಮಾನ ನಿಲ್ದಾಣದಲ್ಲೂ ಬೇಕಾಗುತ್ತದೆ.

ಮದುವೆ ನಿಶ್ಚಯವಾಗಿದ್ದು ಇನ್ನೂ ಆಗದವರು ಬೇರೆ ಬೇರೆಯಾಗಿಯೇ, ಸಾಧ್ಯವಾದರೆ ಅಲ್ಲಿರುವ ಬಂಧುಗಳ ಮನೆಯಲ್ಲಿ, ಇರುವುದು ಒಳ್ಳೆಯದು. ಅವಿವಾಹಿತರು ಒಟ್ಟಿಗೆ ವಾಸಿಸುವುದರ ಕುರಿತಾದ ಕಾನೂನು 2020ರಲ್ಲಿ ಸಡಿಲವಾಯಿತು ಎಂಬುದು ನಿಜವಾದರೂ, ಪೋಷಕರಾದವರು ದೂರು ಕೊಟ್ಟರೆ ವಿಷಯ ಕೇಸಿನ ತನಕ ಹೋಗಲು ದಾರಿ ಉಳಿದೇ ಇದೆ.

ಯಾವ ವೀಸಾ?

ಎರಡು ದಾರಿಗಳಿವೆ. ಮೊದಲನೆಯದು ಪ್ರವಾಸಿ ವೀಸಾ: 30 ದಿನ ಅಥವಾ 60 ದಿನಗಳದ್ದು, ಟ್ರಾವೆಲ್ ಏಜೆನ್ಸಿಯ ಅಥವಾ ವಿಮಾನ ಕಂಪೆನಿಯ ಮೂಲಕ ಸಿಗುವಂಥದ್ದು. ಇದಕ್ಕೆ ಪಾಸ್‌ಪೋರ್ಟಿನ ಪುಟಗಳ ಪ್ರತಿ, ಭಾವಚಿತ್ರ, ಟಿಕೆಟ್, ವಾಸ್ತವ್ಯದ ವಿವರ ಇಷ್ಟಿದ್ದರೆ ಆಗುತ್ತದೆ. ಎರಡನೆಯದು, ಗಂಡನೇ ಪ್ರಾಯೋಜಕನಾಗಿ ನಿಂತು ಮಾಡಿಸುವ ಬಂಧು ಭೇಟಿಯ ವೀಸಾ ಅಥವಾ ಕುಟುಂಬದ ವಾಸದ ವೀಸಾ. ಇದಕ್ಕೆ ಅವರ ಸಂಬಳ ನಿಗದಿತ ಮಟ್ಟದಲ್ಲಿರಬೇಕು (ಕುಟುಂಬದ ವಾಸದ ವೀಸಾಕ್ಕೆ ತಿಂಗಳಿಗೆ 4,000 ದಿರಂ, ವಸತಿಯನ್ನು ಕಂಪೆನಿಯೇ ಕೊಟ್ಟರೆ 3,000), ಜೊತೆಗೆ ದೃಢೀಕರಿಸಿದ ವಿವಾಹ ಪ್ರಮಾಣಪತ್ರವೂ ಬೇಕು.

ಒಂದು ತಿಂಗಳಿಗಷ್ಟೇ ಹೋಗುವವರು ಮೊದಲ ದಾರಿಯನ್ನೇ ಹಿಡಿಯಲಿ ಎಂಬುದು ನನ್ನ ಸಲಹೆ. ಆದರೆ ಮುಂದೆ ಅಲ್ಲೇ ನೆಲೆಸುವ ಯೋಚನೆಯಿದ್ದರೆ ವಿವಾಹ ಪ್ರಮಾಣಪತ್ರದ ಕೆಲಸವನ್ನು ಈಗಲೇ ಆರಂಭಿಸಬೇಕು, ಏಕೆಂದರೆ ಗಡಿಯ ಎರಡೂ ಬದಿಗಳಲ್ಲಿ ಸಂಬಂಧ ಬೆಳೆಸುವ ನಮಗೆ ಅದು ಸುಲಭದ್ದಲ್ಲ. ಕೇರಳದಲ್ಲಿ ಮದುವೆಯಾದ 45 ದಿನಗಳೊಳಗೆ ಪಂಚಾಯತಿನಲ್ಲಿ ನೋಂದಾಯಿಸಬೇಕೆಂಬ ನಿಯಮ 2008ರಿಂದ ಇದೆ. ನೋಂದಣಿ ಮಾಡುವುದು ಮದುವೆ ಎಲ್ಲಿ ನಡೆಯಿತೋ ಅಲ್ಲಿಯ ಪಂಚಾಯತು. ವರನ ಮನೆ ಪೆರ್ಲದಲ್ಲಿದ್ದು ಮದುವೆಯ ಮಂಟಪ ಪುತ್ತೂರಿನಲ್ಲಿದ್ದರೆ ಪೆರ್ಲದ ಪಂಚಾಯತು ಅದನ್ನು ನೋಂದಾಯಿಸುವುದಿಲ್ಲ. ಕರ್ನಾಟಕದ ಉಪನೋಂದಣಿ ಕಚೇರಿಗೇ ಹೋಗಬೇಕು. ಮುಂದಿನ ದೃಢೀಕರಣವೂ ಪತ್ರ ಕೊಟ್ಟ ರಾಜ್ಯದಲ್ಲೇ ನಡೆಯುತ್ತದೆ. ಕೇರಳದ ಪತ್ರವಾದರೆ ಕೋಯಿಕ್ಕೋಡಿನಲ್ಲಿರುವ, ಅನಿವಾಸಿ ಕೇರಳೀಯರಿಗಾಗಿನ ಸರಕಾರಿ ಸಂಸ್ಥೆಯಾದ ನೋರ್ಕಾ ರೂಟ್ಸ್ ಕಚೇರಿಯಲ್ಲಿ ಕೊಡಬಹುದು. ಬಳಿಕ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇಯ ರಾಯಭಾರ ಕಚೇರಿ, ಕೊನೆಗೆ ಅಲ್ಲಿಗೆ ತಲುಪಿದ ಮೇಲೆ ಅವರ ವಿದೇಶಾಂಗ ಸಚಿವಾಲಯ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುದ್ರೆ ಬೀಳಬೇಕು. ಒಮನ್, ಬಹ್ರೈನ್, ಸೌದಿಗಳಿಗೆ ಅಪೋಸ್ಟಿಲ್ ಎಂಬ ಒಂದೇ ಮುದ್ರೆ ಸಾಕಾಗುವುದರಿಂದ, ಅಲ್ಲಿಗೆ ಹೋದವರು ‘ನಮಗೆ ಅಷ್ಟೆಲ್ಲ ಬೇಕಾಗಲಿಲ್ಲ’ ಎಂದರೆ ಅದನ್ನು ನಂಬಿ ಕೂರಬೇಡಿ.

ವೀಸಾ ಕೈಗೆ ಬಂದ ಮೇಲೆ ಅದರ ಸಂಖ್ಯೆಯನ್ನು ಗಂಡ ಅಲ್ಲಿಯ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿ ಹಾಕಿ ನೋಡಬೇಕು. ದುಬೈಯ ವೀಸಾ ಆದರೆ ಜಿಡಿಆರ್‌ಎಫ್‌ಎ, ಉಳಿದ ಎಮಿರೇಟುಗಳದ್ದಾದರೆ ಐಸಿಪಿ. ಏಜೆಂಟರು ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರವನ್ನೇ ನಂಬಿ ಬಜ್ಪೆಯ ವಿಮಾನ ನಿಲ್ದಾಣದ ತನಕ ಹೋಗಿ ಅತ್ತು ಮರಳಿದವರನ್ನು ನಾನು ಬಲ್ಲೆ. ಹೆಸರಿನ ಅಕ್ಷರಗಳನ್ನೂ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಮತ್ತೊಮ್ಮೆ ಇಲ್ಲಿಯೇ ಹೋಲಿಸಿ ನೋಡಿ.

ಟಿಕೆಟು, ದಾರಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಮಂಗಳೂರಿನ ಬಜ್ಪೆಯೇ ಹತ್ತಿರ. ಕಾಞಂಗಾಡು, ನೀಲೇಶ್ವರದವರು 2018ರ ಡಿಸೆಂಬರಿನಲ್ಲಿ ಆರಂಭವಾದ ಕಣ್ಣೂರನ್ನೂ ಹೋಲಿಸಿ ನೋಡಬಹುದು. ಆಗಸ್ಟ್ ಕೊನೆಗೆ, ಅಲ್ಲಿಯ ಶಾಲೆಗಳು ತೆರೆಯುವ ಹೊತ್ತಿಗೆ, ಇಲ್ಲಿಂದ ಅತ್ತ ಹೋಗುವ ಟಿಕೆಟಿನ ದರ ಕೇಳುವಂತಿರುವುದಿಲ್ಲ. ಮರಳುವ ಟಿಕೆಟನ್ನು ಮೂವತ್ತನೆಯ ದಿನಕ್ಕೆ ಮಾಡಬೇಡಿ. ಇಳಿದ ದಿನವೂ ಲೆಕ್ಕಕ್ಕೆ ಬರುತ್ತದೆ. ಅವಧಿ ಮೀರಿದರೆ ದಿನವೊಂದಕ್ಕೆ 50 ದಿರಂ ದಂಡ. ಇಪ್ಪತ್ತೇಳನೆಯ ದಿನಕ್ಕೆ ಮಾಡಿದರೆ ವಿಮಾನ ರದ್ದಾದರೂ ಸಂಭಾಳಿಸಬಹುದು. ಮಳೆಗಾಲದಲ್ಲಿ ಗುಡ್ಡದ ಮೇಲಿನ ಬಜ್ಪೆಯಲ್ಲಿ ಇಳಿಯಲಾಗದೆ ವಿಮಾನಗಳು ಬೇರೆಡೆಗೆ ಹೋಗುವುದು ನಮಗೆ ಗೊತ್ತಿರುವುದೇ.

ಪೆಟ್ಟಿಗೆ

ನಮ್ಮ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ತಿಂಡಿಯೇ ಹೆಚ್ಚು. ಹಲಸಿನ ಹಪ್ಪಳ, ಮಾಂಬಳ, ಸಂಡಿಗೆ, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ ಇವಕ್ಕೆ ಅಡ್ಡಿಯಿಲ್ಲ. ಉಪ್ಪಿನಕಾಯಿ, ತುಪ್ಪ, ಎಣ್ಣೆಗಳನ್ನು ಮಾತ್ರ ಕೈಚೀಲದಲ್ಲಿ ಇಡದೆ, ಬಾಯಿ ಬಿಗಿದು ದೊಡ್ಡ ಪೆಟ್ಟಿಗೆಗೆ ಹಾಕಬೇಕು. ಪವರ್ ಬ್ಯಾಂಕ್ ಇದಕ್ಕೆ ತದ್ವಿರುದ್ಧ, ಅದು ಕೈಚೀಲದಲ್ಲೇ ಇರಬೇಕು. ಕೊಬ್ಬರಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ, ಅದರ ಎಣ್ಣೆಗೆ ಬೆಂಕಿ ಹಿಡಿಯುವ ಗುಣವಿದೆ ಎಂಬ ಕಾರಣಕ್ಕೆ. ತೆಂಗಿನ ನಾಡಿನವರು ಇದನ್ನು ಒಪ್ಪಲು ತುಸು ಕಷ್ಟಪಡುತ್ತಾರೆ.

ಇನ್ನೆರಡು ವಸ್ತುಗಳ ವಿಷಯದಲ್ಲಿ ತಮಾಷೆ ಸಲ್ಲದು. ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಲೆಕ್ಕ. ಪಾಯಸದ ಸಾಮಾನಿನ ಜೊತೆ ಒಂದು ಪೊಟ್ಟಣ ಬಂದರೂ ಜೈಲು ಸೇರಬೇಕಾದೀತು. ವೀಳ್ಯದೆಲೆಯೂ ದುಬೈ ಕಸ್ಟಮ್ಸಿನ ನಿಷೇಧದ ಪಟ್ಟಿಯಲ್ಲಿದೆ. ನನ್ನ ಮೊದಲ ಪ್ರಯಾಣದ ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಮತ್ತೊಮ್ಮೆ ಬಿಚ್ಚಿ ನೋಡಿದಾಗ ಹಪ್ಪಳದ ಕಟ್ಟುಗಳ ನಡುವೆ ಬಾಳೆಲೆಯ ಒದ್ದೆ ಪೊಟ್ಟಣವೊಂದಿತ್ತು. ಅತ್ತೆ, ಮಗನಿಗೆ ಇಷ್ಟವೆಂದು, ತೋಟದ ಎಲೆ ಇಪ್ಪತ್ತನ್ನು ಒಂದರ ಮೇಲೊಂದು ಜೋಡಿಸಿ, ನೀರು ಚಿಮುಕಿಸಿ, ಬಾಳೆನಾರಿನಿಂದ ಕಟ್ಟಿ, ಎರಡು ಹಿಡಿ ಅಡಿಕೆ ಹೋಳಿನೊಂದಿಗೆ ಇಟ್ಟಿದ್ದರು. ‘ಎಲೆಗೂ ಪೊಲೀಸರು ಹಿಡಿಯುತ್ತಾರೆಯೇ?’ ಎಂದು ಅವರು ಕೇಳಿದ ದನಿಯಲ್ಲಿ ನನ್ನ ಮೇಲಿನ ಅನುಮಾನವೇ ಹೆಚ್ಚಿತ್ತು. ಹಿರಿಯರಿಗೆ ಇದನ್ನು ಪೆಟ್ಟಿಗೆ ಕಟ್ಟುವ ಮೊದಲೇ ಹೇಳಿ. ಕಟ್ಟಿದ ಮೇಲೆ ತೆಗೆಯುವುದು ಮನಸ್ಸಿಗೂ ಕಷ್ಟ.

ಔಷಧಿಗಳನ್ನು ಡಾಕ್ಟರರ ಚೀಟಿಯೊಂದಿಗೆ, ಅಂಗಡಿಯ ಕವಚದಲ್ಲೇ ಒಯ್ಯಬೇಕು. ಟ್ರಮಡಾಲ್, ಕೋಡೀನ್ ಇರುವ ನೋವಿನ ಮತ್ತು ಕೆಮ್ಮಿನ ಔಷಧಿಗಳಿಗೆ ಅಲ್ಲಿ ಮುಂಗಡ ಅನುಮತಿ ಬೇಕು. ನೆರೆಮನೆಯವರು ‘ನಮ್ಮ ಹುಡುಗನಿಗೆ ಒಂದು ಸಣ್ಣ ಕಟ್ಟು’ ಎಂದು ಕೊಡುವುದನ್ನು ನಿಮ್ಮೆದುರಲ್ಲೇ ಬಿಚ್ಚಿಸಿ ನೋಡದೆ ತೆಗೆದುಕೊಳ್ಳಬೇಡಿ. ಇದರಲ್ಲಿ ದಾಕ್ಷಿಣ್ಯ ನೋಡಿ ಪರದೇಶದ ಜೈಲಿನಲ್ಲಿ ಕುಳಿತವರು ನಮ್ಮ ಜಿಲ್ಲೆಯವರೂ ಇದ್ದಾರೆ.

ಮೈಮೇಲೆ ಚಿನ್ನ ಹೆಚ್ಚಿದ್ದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸಿನವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಬಹುದು. ಮರಳುವಾಗ ‘ಇದು ಅಲ್ಲಿ ಕೊಂಡದ್ದಲ್ಲ’ ಎನ್ನಲು ಅದೇ ಸಾಕ್ಷಿ. ಆಭರಣದ ಬಿಲ್ಲನ್ನೂ ಜೊತೆಗಿಟ್ಟುಕೊಳ್ಳಿ. ನಾನು ಕರಿಮಣಿ ಸರ ಮತ್ತು ಎರಡು ಬಳೆ ಬಿಟ್ಟು ಉಳಿದದ್ದನ್ನು ಲಾಕರಿನಲ್ಲಿಟ್ಟೇ ಹೋಗುತ್ತೇನೆ.

ಎರಡು ಕೌಂಟರುಗಳು

ಬಜ್ಪೆಯ ವಲಸೆ ಕೌಂಟರಿನಲ್ಲಿ ಯಾರನ್ನು ನೋಡಲು, ಎಷ್ಟು ದಿನಕ್ಕೆ, ಅವರು ಏನು ಕೆಲಸದಲ್ಲಿದ್ದಾರೆ ಎಂಬಷ್ಟೇ ಪ್ರಶ್ನೆಗಳು. ಗಂಡನ ಎಮಿರೇಟ್ಸ್ ಐಡಿಯ (ಯುಎಇಯ ಗುರುತಿನ ಚೀಟಿಯ) ಪ್ರತಿ, ಅವರ ಪಾಸ್‌ಪೋರ್ಟ್ ಮತ್ತು ವಾಸದ ವೀಸಾದ ಪ್ರತಿ, ರೂಮಿನ ಕರಾರು, ಮರಳುವ ಟಿಕೆಟ್, ವಿವಾಹ ಪ್ರಮಾಣಪತ್ರ ಇವನ್ನು ಕಾಗದದಲ್ಲೇ ಮುದ್ರಿಸಿ ಒಂದು ಫೈಲಿನಲ್ಲಿಡಿ; ಫೋನಿನ ಬ್ಯಾಟರಿ ಕೈಕೊಡುವುದು ಇಂಥ ಹೊತ್ತಿನಲ್ಲೇ. ದುಬೈಗೆ ಭೇಟಿ ವೀಸಾದಲ್ಲಿ ಬರುವವರು 3,000 ದಿರಂಗಳಷ್ಟು ಹಣವನ್ನು ನಗದಾಗಿಯೋ ಕಾರ್ಡಿನಲ್ಲೋ ತೋರಿಸುವಂತಿರಬೇಕೆಂದು 2024ರಲ್ಲಿ ಬಿಗಿ ಮಾಡಿದ ಮೇಲೆ, ಅದಕ್ಕೂ ಸಿದ್ಧವಾಗಿರುವುದು ಒಳ್ಳೆಯದು.

ಅತ್ತ ಇಳಿದ ಮೇಲೆ ಕ್ಯಾಮೆರಾದೆದುರು ಕಣ್ಣನ್ನು ಅಗಲಿಸಿ ನಿಲ್ಲಲು ಹೇಳುತ್ತಾರೆ. ಕನ್ನಡಕ ತೆಗೆಯಿರಿ, ತಲೆಗೆ ಸೆರಗು ಹೊದ್ದಿದ್ದರೆ ಹಣೆ ಕಾಣುವಂತೆ ಸರಿಸಿದರೆ ಸಾಕು. ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳಿ. ದುಬೈಯ ಮೂರು ಟರ್ಮಿನಲ್‌ಗಳಲ್ಲಿ ಎರಡನೆಯದು ರನ್‌ವೇಯ ಆಚೆ ಬದಿಯಲ್ಲಿದೆ. ಟಿಕೆಟಿನಲ್ಲಿರುವ ಟರ್ಮಿನಲ್ ಸಂಖ್ಯೆಯನ್ನು ಗಂಡನಿಗೆ ಹಿಂದಿನ ದಿನವೇ ತಿಳಿಸದಿದ್ದರೆ, ವರ್ಷಗಟ್ಟಲೆ ಕಾದವರು ಇನ್ನೊಂದು ಗಂಟೆ ಬೇರೆ ಬೇರೆ ಬಾಗಿಲುಗಳಲ್ಲಿ ಕಾಯಬೇಕಾಗುತ್ತದೆ.

ಆ ತಿಂಗಳು

ಭೇಟಿ ವೀಸಾದಲ್ಲಿ ಯಾವ ಕೆಲಸವನ್ನೂ ಮಾಡುವಂತಿಲ್ಲ, ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳುವುದನ್ನೂ ಸೇರಿಸಿ. ವಾಟ್ಸಾಪಿನಲ್ಲಿ ಸಂದೇಶ ಹೋಗುತ್ತದೆಯೇ ಹೊರತು ಕಾಲ್ ಹೋಗುವುದಿಲ್ಲ; ಊರಿನವರ ಫೋನಿಗೆ ಅಲ್ಲಿಂದ ಕಾಲ್ ಮಾಡಲು ಬರುವ ಬೋಟಿಮ್ ಎಂಬ ಆ್ಯಪನ್ನು ಹಾಕಿಸಿ, ಹೊರಡುವ ಮೊದಲು ಅತ್ತೆಗೆ ಅದನ್ನು ಒತ್ತಿ ಮಾತನಾಡಲು ಕಲಿಸಿ. ಗುರುತಿಲ್ಲದವರ ಚಿತ್ರ ತೆಗೆಯುವುದು ಅಲ್ಲಿ ಅಪರಾಧ. ಮೆಟ್ರೋದಲ್ಲಿ ಹೆಂಗಸರಿಗೆ ಬೇರೆ ಬೋಗಿ ಇದೆ, ತಿಂಡಿ ತಿಂದರೆ ದಂಡ ಇದೆ.

ನಾನು ಹೇಳಬೇಕಾದ್ದು ಮುಖ್ಯವಾಗಿ ಇನ್ನೊಂದು. 2022ರಿಂದ ಅಲ್ಲಿಯ ಸರಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ. ಆದರೆ ನಮ್ಮವರು ದುಡಿಯುವ ಖಾಸಗಿ ಕಂಪೆನಿಗಳಲ್ಲಿ ಅನೇಕ ಕಡೆ ವಾರಕ್ಕೆ ಒಂದೇ ದಿನ ಬಿಡುವು. ಗಂಡ ಬೆಳಗ್ಗೆ ಆರಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಬರುತ್ತಾರೆ, ನಡುವೆ ಹದಿನಾಲ್ಕು ಗಂಟೆ ಬೀಗ ಹಾಕಿದ ಕೋಣೆಯಲ್ಲಿ ನೀವೊಬ್ಬರೇ. ಇದನ್ನು ಮೊದಲೇ ತಿಳಿಯದೆ ಹೋಗಿ, ಎರಡನೆಯ ವಾರಕ್ಕೆ ಜಗಳವಾಡಿದವರಲ್ಲಿ ನಾನೂ ಒಬ್ಬಳು. ಅವರ ವಾರ್ಷಿಕ ರಜೆಯಲ್ಲಿ ಏಳೆಂಟು ದಿನಗಳನ್ನಾದರೂ ನೀವು ಇರುವ ಅವಧಿಗೆ ಸೇರಿಸಿಕೊಳ್ಳಲು ಟಿಕೆಟು ಮಾಡುವ ಮೊದಲೇ ಕಂಪೆನಿಯಲ್ಲಿ ಕೇಳಿಸಿ. ಏಪ್ರಿಲ್-ಮೇ ನಮ್ಮ ಶಾಲಾ ರಜೆಯಾದರೂ ಮೇ ತಿಂಗಳ ಅಲ್ಲಿನ ಬಿಸಿಲು ಹೊರಗೆ ಕಾಲಿಡಲು ಬಿಡುವುದಿಲ್ಲ. ರಜೆ ಹೊಂದಿಸಿಕೊಳ್ಳಬಲ್ಲವರಿಗೆ ಡಿಸೆಂಬರ್-ಜನವರಿ ಹಿತ.

ಏನಾದರೂ ತೊಂದರೆಯಾದರೆ ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯ ಕೇಂದ್ರಕ್ಕೆ 800 46342 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.

ಮರಳುವಾಗ

‘ಗಲ್ಫಿನಿಂದ ಬರುವಾಗ ಹೆಂಗಸರು 40 ಗ್ರಾಂ ಚಿನ್ನ ತರಬಹುದಂತೆ’ ಎಂಬ ಮಾತು ಊರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ರಿಯಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ವಿದೇಶದಲ್ಲಿ ವಾಸವಾಗಿದ್ದು ಬರುವವರಿಗೆ. ತಿಂಗಳ ಭೇಟಿಗೆ ಹೋದವರಿಗೆ ಅದು ಸಿಗುವುದಿಲ್ಲ. ಗಂಡ ಪ್ರೀತಿಯಿಂದ ಒಂದು ಜೊತೆ ಬಳೆ ಕೊಡಿಸಿದರೆ ಬಿಲ್ಲನ್ನು ಇಟ್ಟುಕೊಂಡು, ಇಳಿದ ಮೇಲೆ ಕಸ್ಟಮ್ಸಿನ ಕೆಂಪು ದಾರಿಯಲ್ಲಿ (ರೆಡ್ ಚಾನೆಲ್) ಹೋಗಿ ಘೋಷಿಸಿ ಸುಂಕ ಕಟ್ಟಿ. ಅಥವಾ ಅವರೇ ಮುಂದಿನ ರಜೆಗೆ ಬರುವಾಗ ತರಲಿ.

ಮನೆಗೆ ಬಂದ ಮೇಲೆ ವೀಸಾದ ಪ್ರತಿಯನ್ನೂ ಎರಡೂ ಕಡೆಯ ಬೋರ್ಡಿಂಗ್ ಪಾಸುಗಳನ್ನೂ ಆ ಫೈಲಿನಲ್ಲೇ ಉಳಿಸಿಡಿ. ಅವಧಿಯೊಳಗೆ ಹೊರಟುಬಂದಿರೆಂದು ತೋರಿಸಬೇಕಾಗಿ ಬಂದರೆ ಅವು ನೆರವಾಗುತ್ತವೆ.